ಚಂದ್ರಗುತ್ತಿ ಹತ್ತಿದ ಕಾಲು

ಸೊರಬದಲ್ಲಿರೋ ನಮ್ಮಣ್ಣನ ಮಗ ಕಳೆದ ಭಾನುವಾರ ಸಂಜೆ ಶಿಕಾರಿಪುರಕ್ಕೆ, ನಮ್ಮನೆಗೆ ಬಂದ. ಚಪ್ಪಲಿ ಬಿಡೋಕೂ ಮುಂಚೆ ಮೊಬೈಲು ನನ್ನ ಮುಖಕ್ಕೆ ಹಿಡಿದ. "ನೋಡು ಚಿಕ್ಕಪ್ಪ, 38 ನಿಮಿಷ." ಚಂದ್ರಗುತ್ತಿಯ ಬುಡದಿಂದ ಮೇಲಿನ ಕೋಟೆ ತನಕ, ಬೆನ್ನ ಮೇಲೆ ಹತ್ತು ಕೆ.ಜಿ. ಅಕ್ಕಿ ಹೊತ್ತುಕೊಂಡು, 38 ನಿಮಿಷ. ನಾಲ್ಕು ಭಾನುವಾರದಿಂದ ಅವನೂ ಅವನ ಆರು ಜನ ಗೆಳೆಯರೂ ಇದನ್ನೇ ಮಾಡ್ತಿದಾರೆ. ಮೊದಲ ವಾರ ಒಂದು ಗಂಟೆ ಹಿಡಿದಿತ್ತಂತೆ. ಇದಕ್ಕೆ ಅವರಿಟ್ಟ ಹೆಸರು ಪ್ರಾಕ್ಟೀಸ್ ಟ್ರೆಕ್. ಡಿಸೆಂಬರ್ ಕೊನೆಯ ವಾರ ಏಳೂ ಜನ ಉತ್ತರಾಖಂಡದ ಕೇದಾರಕಂಠಕ್ಕೆ ಹೊರಟಿದಾರೆ, ಹಿಮ ತುಳಿಯೋಕೆ.

ನಾನು ಸುಮ್ಮನಿದ್ದೆ. ಒಳಗಿಂದ ನಮ್ಮನೆಯವಳು, "ಶಭಾಷ್ ಅನ್ರೀ, ಹುಡುಗ ಅಷ್ಟು ದೂರದಿಂದ ಬಂದಿದಾನೆ" ಅಂದಳು. ಅಂದೆ. ಆದರೆ ಆ 38 ನಿಮಿಷ ನನ್ನ ತಲೆಯಿಂದ ಇಳೀಲಿಲ್ಲ. ಆ ಲೆಕ್ಕ ಹಿಡಿದುಕೊಂಡು ಹಿಮಾಲಯಕ್ಕೆ ಹೋಗೋದು ಶುದ್ಧ ಮೋಸ ಅಂತ ನನ್ನ ವಾದ. ಮೋಸ ಮಾಡೋರು ಹುಡುಗರಲ್ಲ, ಅವರು ಮೋಸ ಹೋಗೋರು.

ಮೊದಲು ಒಂದು ಮಾತು. ನಮ್ಮ ಕಡೆ ಒಂದು ಗುಂಪಿದೆ. ಹುಡುಗರು ಹಿಮಾಲಯ ಅಂದ ಕೂಡಲೆ ಇವರು, "ನಮ್ಮಲ್ಲೇ ಗುಡ್ಡ ಇಲ್ವಾ? ಕೊಡಚಾದ್ರಿ ಇಲ್ವಾ? ದುಡ್ಡು ಹೆಚ್ಚಾಗಿದೆ ಇವಕ್ಕೆ" ಅಂತಾರೆ. ನಾನು ಆ ಗುಂಪಿನವನಲ್ಲ. ನಮ್ಮ ತಾಲ್ಲೂಕಿನ ಜನ ಬೆಟ್ಟದ ಹುಚ್ಚು ಹಚ್ಚಿಕೊಂಡದ್ದು ಇವತ್ತು ನಿನ್ನೆಯದಲ್ಲ. ಉಡುಗಣಿ ಅಕ್ಕಮಹಾದೇವಿಯ ಊರು. ಆಕೆ ಕಲ್ಯಾಣಕ್ಕೆ ನಡೆದು, ಅಲ್ಲಿಂದ ಶ್ರೀಶೈಲದ ಕಾಡು ಸೇರಿದವಳು. ಬಳ್ಳಿಗಾವಿಯ ಕೇದಾರೇಶ್ವರ ಗುಡಿ ಇರೋ ಜಾಗವನ್ನ ಶಾಸನಗಳು ದಕ್ಷಿಣ ಕೇದಾರ ಅಂತ ಕರೆದಿವೆ. ಎಲ್ಲಿಯ ಕೇದಾರ, ಎಲ್ಲಿಯ ಬಳ್ಳಿಗಾವಿ! ಒಂಬೈನೂರು ವರ್ಷದ ಹಿಂದೆ ಹಿಮದ ಹೆಸರು ಇಷ್ಟು ದೂರ ಬಂದು ಇಲ್ಲಿ ನೆಲೆ ನಿಂತಿತ್ತು. ಹಾಗಿರುವಾಗ ಈಗಿನ ಹುಡುಗರು ಅದನ್ನ ಕಣ್ಣಾರೆ ನೋಡಬೇಕು ಅಂದರೆ ತಡೆಯೋಕೆ ನಾವ್ಯಾರು? ಹೋಗಲಿ. ಸಾಲ ಮಾಡಿಯಾದರೂ ಹೋಗಲಿ. ನನ್ನ ಜಗಳ ಇರೋದು ಹೋಗುವ ರೀತಿಯ ಮೇಲೆ, ಅದನ್ನ ಮಾರುವ ರೀತಿಯ ಮೇಲೆ.

ಈಗ ಲೆಕ್ಕಕ್ಕೆ ಬರೋಣ. ಚಂದ್ರಗುತ್ತಿ ಸಮುದ್ರಮಟ್ಟದಿಂದ 800 ಮೀಟರ್ ಚಿಲ್ಲರೆ. ಕೊಡಚಾದ್ರಿ 1,343 ಮೀಟರ್. ಇಡೀ ಕರ್ನಾಟಕದಲ್ಲಿ ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಕೇದಾರಕಂಠಕ್ಕೆ ಹೋಗೋರು ಡೆಹರಾಡೂನಿಂದ ಸುಮಾರು 200 ಕಿ.ಮೀ. ಗಾಡಿಯಲ್ಲಿ ಕೂತು ಇಳಿಯೋ ಊರು ಸಾಂಕ್ರಿ. ಅಂಗಡಿ, ಹೋಮ್‌ಸ್ಟೇ, ಚಹಾ ಎಲ್ಲಾ ಇರೋ ಊರು. ಅದರ ಎತ್ತರ ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯಷ್ಟು. ಅಂದರೆ ನಮ್ಮ ರಾಜ್ಯದ ಎತ್ತರ ಮುಗಿಯೋ ಕಡೆ ಅವರ ಚಾರಣ ಶುರುವಾಗತ್ತೆ. ಅಲ್ಲಿಂದ ಮೇಲೆ ನೆತ್ತಿ ಇರೋದು 12,500 ಅಡಿ, 3,800 ಮೀಟರ್ ದಾಟಿ.

ಇನ್ನು ಉಸಿರು. ಕಡಲ ತೀರದಲ್ಲಿ ಒಂದು ಉಸಿರಿಗೆ 100 ಪಾಲು ಆಮ್ಲಜನಕ ಸಿಗತ್ತೆ ಅಂತ ಇಟ್ಟುಕೊಂಡರೆ ಚಂದ್ರಗುತ್ತಿಯ ತುದಿಯಲ್ಲಿ 90ರ ಆಸುಪಾಸು ಸಿಗತ್ತೆ. ನಮಗೆ ಗೊತ್ತೇ ಆಗಲ್ಲ. ಕೇದಾರಕಂಠದ ತುದಿಯಲ್ಲಿ ಸಿಗೋದು 60 ಚಿಲ್ಲರೆ. ಈ ಕೊರತೆಗೆ ಹೊಂದಿಕೊಳ್ಳೋಕೆ ದೇಹಕ್ಕೆ ಬೇಕಾಗಿರೋದು ತೊಡೆಯ ಬಲ ಅಲ್ಲ, ದಿನಗಳು. ಎತ್ತರದಲ್ಲಿ ಕಳೆದ ದಿನಗಳು, ಮಲಗಿದ ರಾತ್ರಿಗಳು. ಚಂದ್ರಗುತ್ತಿಯನ್ನ 38 ನಿಮಿಷಕ್ಕಲ್ಲ, 18 ನಿಮಿಷಕ್ಕೆ ಹತ್ತಿದರೂ ಅದರಲ್ಲಿ ಒಂದು ರಾತ್ರಿಯೂ ಜಮಾ ಆಗಲ್ಲ. ಗಟ್ಟಿಮುಟ್ಟಾಗಿದ್ದರೆ ಎತ್ತರದ ಕಾಯಿಲೆ ಬರಲ್ಲ ಅನ್ನೋದು ಸುಳ್ಳು. ಗಟ್ಟಿ ಆಳಿಗೆ ಅಪಾಯ ಒಂದು ಕೈ ಹೆಚ್ಚೇ, ಯಾಕಂದ್ರೆ ಅವನು ಬೇಗ ಬೇಗ ಹತ್ತಿಬಿಡ್ತಾನೆ. ಮೈ ಹೊಂದಿಕೊಳ್ಳೋ ಮೊದಲೇ ಕಾಲು ಅವನನ್ನ ಮೇಲೆ ಮುಟ್ಟಿಸಿರತ್ತೆ.

ಹಾಗಾದ್ರೆ ಚಂದ್ರಗುತ್ತಿ ಹತ್ತೋದು ದಂಡವಾ? ಅಲ್ಲ. ನಾನೂ ಅಲ್ಲೇ ತಾಲೀಮು ಮಾಡಿದವನು. ರೇಣುಕಾಂಬೆಯ ಗುಡಿ ತನಕ ಮೆಟ್ಟಿಲು, ಆಮೇಲೆ ಬಂಡೆ, ಕುರುಚಲು, ಪಾಳುಬಿದ್ದ ಕೋಟೆಯ ಗೋಡೆ. ಹತ್ತೋದಕ್ಕಿಂತ ಇಳಿಯೋದನ್ನ ಅದು ಚೆನ್ನಾಗಿ ಕಲಿಸತ್ತೆ. ಮಳೆಗಾಲ ಮುಗಿದ ಮೇಲೂ ಪಾಚಿ ಆರದ ಕಲ್ಲಿನ ಮೇಲೆ ಹೆಜ್ಜೆ ಊರಿ ಗೊತ್ತಿರೋ ಮಲೆನಾಡಿನವನಿಗೆ ಮೈಭಾರವನ್ನ ಎಲ್ಲಿಡಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಹಿಮದ ಇಳಿಜಾರಿನ ವಿದ್ಯೆಯೇ ಬೇರೆ. ಅಲ್ಲಿ ಮೇಲೆ ಹೋಗೋವಾಗ ಬೂಟಿನ ಮೂತಿಯಿಂದ ಒದ್ದು ಮೆಟ್ಟಿಲು ಮಾಡ್ಕೋಬೇಕು. ಕೆಳಗೆ ಬರೋವಾಗ ಹಿಮ್ಮಡಿ ಊರಿ ನೆಟ್ಟಗೆ ನಿಲ್ಲಬೇಕು. ಹೆದರಿ ಹಿಂದಕ್ಕೆ ವಾಲಿದರೆ ಜಾರಿದ್ದೇ. ಬೆಳಗಿನ ಜಾವದ ಹಿಮ ಗಾಜಿನ ಹಾಗೆ ಗಟ್ಟಿ, ಹನ್ನೊಂದು ಗಂಟೆಯ ಹಿಮ ಕೆಸರುಗದ್ದೆ. ಒಂದೇ ದಾರಿ ಹೋಗ್ತಾ ಒಂದು, ಬರ್ತಾ ಇನ್ನೊಂದು. ಬೂಟಿಗೆ ಕಟ್ಟಿಕೊಳ್ಳೋ ಮುಳ್ಳಿನ ಸರಪಳಿಯನ್ನ ಹೆಚ್ಚಿನವರು ಮೊದಲ ಸಲ ನೋಡೋದೇ ಆ ರಾತ್ರಿ, ಟೆಂಟಿನ ಮುಂದೆ, ಟಾರ್ಚಿನ ಬೆಳಕಲ್ಲಿ, ಮರಗಟ್ಟಿದ ಬೆರಳಲ್ಲಿ. ಅದೇ ಅವರ ತರಬೇತಿ.

ಇಷ್ಟು ಖಾರವಾಗಿ ಬರೆಯೋಕೆ ನನಗೇನು ಹಕ್ಕು ಅಂತ ಕೇಳಬಹುದು. ಎರಡು ವರ್ಷದ ಹಿಂದೆ, 47ರ ವಯಸ್ಸಲ್ಲಿ, ನಾನೂ ಹೋಗಿದ್ದೆ. ಅದೇ ಕೇದಾರಕಂಠಕ್ಕೆ. ಮೊದಲ ರಾತ್ರಿ ಸಾಂಕ್ರಿ. ಎರಡನೇ ರಾತ್ರಿ ಜೂಡಾ ಕಾ ತಾಲಾಬ್, 9,000 ಅಡಿ ಚಿಲ್ಲರೆ. ಹೆಪ್ಪುಗಟ್ಟಿದ ಕೆರೆ ನೋಡಿ ನಮ್ಮ ಹುಚ್ಚರಾಯನ ಕೆರೆ ನೆನಪಾಗಿ ನಗು ಬಂತು. ಅಲ್ಲಿ ತನಕ ನಾನು ಹುಲಿ. ಮೂರನೇ ರಾತ್ರಿ ಬೇಸ್ ಕ್ಯಾಂಪ್, 11,000 ಅಡಿ ದಾಟಿ. ಸಂಜೆ ಐದಕ್ಕೆ ತಲೆನೋವು ಶುರುವಾಯ್ತು. ಊಟ ಸೇರಲಿಲ್ಲ. ತಿಂದ ಎರಡು ತುತ್ತೂ ವಾಂತಿ. ತಂಡದ ಲೀಡರು ಇಪ್ಪತ್ತನಾಲ್ಕರ ಹುಡುಗ, ಕೆಟ್ಟವನೇನಲ್ಲ. "ಸರ್, ನೀರು ಕುಡೀರಿ. ಎಲ್ಲರಿಗೂ ಆಗತ್ತೆ. ಹತ್ತೋಕೆ ಶುರು ಮಾಡಿದ್ರೆ ಸರಿಹೋಗತ್ತೆ" ಅಂದ. ಹತ್ತೋದ್ರಿಂದ ಸರಿಹೋಗೋ ಕಾಯಿಲೆ ಅಲ್ಲ ಅದು, ಇಳಿಯೋದ್ರಿಂದ ಸರಿಹೋಗೋದು. ಅದು ಅವನಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೇಳೋ ಹಾಗಿರಲಿಲ್ಲವೋ, ನಾನು ತೀರ್ಪು ಕೊಡಲ್ಲ. ಮೂವತ್ತು ಜನರನ್ನ ಬೆಳಗಾಗೋದ್ರೊಳಗೆ ಮೇಲೆ ಮುಟ್ಟಿಸಬೇಕಾಗಿತ್ತು ಅವನು.

ರಾತ್ರಿ ಎರಡೂವರೆಗೆ ಹೊರಟೆವು. ಕತ್ತಲಲ್ಲಿ ಮೇಲೆ ನೋಡಿದರೆ ತಲೆದೀಪಗಳ ಸಾಲು, ಚಂದ್ರಗುತ್ತಿ ಜಾತ್ರೆಯ ಹಾಗೆ. ಒಂದು ಗಂಟೆ ನಡೆದಿರಬಹುದು. ಹೆಜ್ಜೆ ಅಡ್ಡಡ್ಡ ಬೀಳ್ತಿತ್ತು. ಕುಡಿದವನ ನಡಿಗೆ. ನನಗೆ ಅದು ಗೊತ್ತಾಗ್ತಿರಲಿಲ್ಲ ಅನ್ನೋದನ್ನ ಗಮನಿಸಿ. ನನ್ನ ಲೆಕ್ಕದಲ್ಲಿ ನಾನು ನೆಟ್ಟಗೇ ಹೋಗ್ತಿದ್ದೆ. ಹಿಂದೆ ಬರ್ತಿದ್ದ ಸಹಾಯಕ, ಆ ಕಣಿವೆಯ ಯಾವುದೋ ಹಳ್ಳಿಯವನು, ಐವತ್ತು ದಾಟಿದ ಆಸಾಮಿ, ನನ್ನ ತೋಳು ಹಿಡಿದು ನಿಲ್ಲಿಸಿದ. ಹಿಮದ ಮೇಲೆ ಕೋಲಿನಿಂದ ಒಂದು ಗೆರೆ ಎಳೆದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಅದರ ಮೇಲೆ ನಡಿ ಅಂದ. ನಾಲ್ಕು ಹೆಜ್ಜೆಗೆ ಬಿದ್ದೆ. "ನೀಚೇ" ಅಂದ. ಅಷ್ಟೇ. ಕನ್ನಡದಲ್ಲಿ ಬೈಗುಳದ ಹಾಗೆ ಕೇಳೋ ಆ ಶಬ್ದ ಅವತ್ತು ನನ್ನ ಜೀವ ಉಳಿಸ್ತು. ಆ ಗೆರೆಯ ಪರೀಕ್ಷೆ ಏನು ಅಂತ ಊರಿಗೆ ಬಂದ ಮೇಲೆ ಡಾಕ್ಟರನ್ನ ಕೇಳಿ ತಿಳಕೊಂಡೆ: ಎತ್ತರದಲ್ಲಿ ಮಿದುಳು ಊದಿಕೊಳ್ಳೋಕೆ ಶುರುವಾದರೆ ಮೊದಲು ತಪ್ಪೋದು ನಡಿಗೆಯ ಹಿಡಿತ. ಅಲ್ಲಿಂದ ಸಾವು ಕೆಲವೇ ಗಂಟೆಗಳ ದೂರದಲ್ಲಿರಬಹುದು. ಎರಡನೇ ರಾತ್ರಿ ಮಲಗಿದ್ದ ಕೆರೆಯ ಹತ್ತಿರ ಇಳಿಯೋ ಹೊತ್ತಿಗೆ ನನಗೆ ಹಸಿವಾಗ್ತಿತ್ತು. ಮೂರು ರೊಟ್ಟಿ ತಿಂದೆ.

ಊರಿಗೆ ಬಂದೆ. ಬಸ್‌ಸ್ಟ್ಯಾಂಡಿನಿಂದ ಮನೆ ಮುಟ್ಟೋದ್ರೊಳಗೆ ಐದು ಜನ ಕೇಳಿದ್ರು, ಐದೂ ಜನ ಒಂದೇ ಮಾತು: "ತುದಿ ಮುಟ್ಟಿದ್ರಾ?" ಇಲ್ಲ ಅಂದ ಕೂಡಲೆ ಮುಖ ಬಾಡ್ತಿತ್ತು. "ಹೋಗ್ಲಿ ಬಿಡಿ, ವಯಸ್ಸಾಯ್ತಲ್ಲ." ನನ್ನ ಜೊತೆ ಬಂದು ತುದಿ ಮುಟ್ಟಿದವರಿಗೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಬಿತ್ತು, ಕೈಯಲ್ಲಿ ಬಾವುಟ, ಹಿಂದೆ ಬಿಳಿ ಬೆಟ್ಟ. ತಮಾಷೆ ಏನಂದ್ರೆ, ಕಂಪನಿಯಿಂದ ನನಗೂ ಒಂದು ಸರ್ಟಿಫಿಕೇಟು ಬಂತು, 12,500 ಅಡಿ ಯಶಸ್ವಿಯಾಗಿ ಏರಿದ್ದಕ್ಕೆ ಅಭಿನಂದನೆ ಅಂತ. ಯಾರು ಹತ್ತಿದರು, ಯಾರು ಬಿದ್ದರು ಅನ್ನೋ ಲೆಕ್ಕವೇ ಇಡದವರು ನಮ್ಮ ಜೀವದ ಲೆಕ್ಕ ಇಡ್ತಾರಾ?

ನನಗೆ ಸಿಟ್ಟು ಬರೋದು ಇಲ್ಲೇ. ಹಿಂದಿರುಗಿದವನಿಗೆ ನಮ್ಮಲ್ಲಿ ಮರ್ಯಾದೆ ಇಲ್ಲ. ಆ ಕಂಪನಿಗಳಿಗೂ ಇದು ಚೆನ್ನಾಗಿ ಗೊತ್ತು. ತುದಿಯ ಫೋಟೋ ಇಲ್ಲದಿದ್ದರೆ ಮುಂದಿನ ಗಿರಾಕಿ ಬರಲ್ಲ. ಹಂಗಾಗಿ ಹೇಗಾದರೂ ಮಾಡಿ ಮೇಲಕ್ಕೆ ನೂಕೋದು, ತಲೆನೋವನ್ನ "ಕಾಮನ್" ಅನ್ನೋದು. ಗಿರಾಕಿಯೂ ಅಷ್ಟೇ: ಹೇಳಿಬಿಟ್ಟರೆ ಕೆಳಗಿಳಿಸ್ತಾರೆ ಅಂತ ತಲೆನೋವನ್ನೇ ಮುಚ್ಚಿಡ್ತಾನೆ. ಮೂರು ಹೊತ್ತು ಗುಳಿಗೆ ನುಂಗಿ ನಗ್ತಾ ಸೆಲ್ಫಿ ತಗೀತಾನೆ. ಮಾರೋನೂ ಕೊಳ್ಳೋನೂ ಸೇರಿ ಆಡೋ ಆಟ ಇದು.

2024ರ ಜೂನ್ ಮೊದಲ ವಾರ ನೆನಪಿದೆಯಾ? ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋದ 22 ಜನರ ತಂಡ. ಹೆಚ್ಚಿನವರು ಬೆಂಗಳೂರಿನವರು. ಹಿಮಗಾಳಿಗೆ ಸಿಕ್ಕಿ 9 ಜನ ತೀರಿಹೋದರು. ಉಳಿದವರಲ್ಲಿ ಹೆಚ್ಚಿನವರನ್ನ ಹೆಲಿಕಾಪ್ಟರಿನಲ್ಲಿ ತಂದರು. ಮಂತ್ರಿ ಕೃಷ್ಣ ಬೈರೇಗೌಡರು ಡೆಹರಾಡೂನಿಗೇ ಹೋಗಿ ಕೂರಬೇಕಾಯ್ತು. ಅಲ್ಲಿ ಕೊಂದದ್ದು ಎತ್ತರದ ಕಾಯಿಲೆ ಅಲ್ಲ, ಗಾಳಿ ಮತ್ತು ಚಳಿ. ಅವರು ವಾರಾಂತ್ಯದ ಶೋಕಿಗೆ ಹೋದವರೂ ಅಲ್ಲ, ಬೆಟ್ಟ ಹತ್ತಿ ಪಳಗಿದವರು ಅವರಲ್ಲಿದ್ದರು. ಅವರ ಹೆಸರು ತಂದು ಯಾರನ್ನೋ ಹಂಗಿಸೋ ಉದ್ದೇಶ ನನಗಿಲ್ಲ. ಇನ್ನೊಂದು, 2022ರ ಅಕ್ಟೋಬರ್ 4. ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡ ದ್ರೌಪದಿ ಕಾ ದಂಡಾದಲ್ಲಿ ಹಿಮಪಾತಕ್ಕೆ ಸಿಕ್ಕಿ 29 ಜನ ಸತ್ತರು, ಕಲಿಸೋರೂ ಸೇರಿ. ನಮ್ಮ ಕರ್ನಾಟಕದ ಹುಡುಗರೂ ಅದರಲ್ಲಿದ್ದರು. 1965ರಿಂದ ಬೆಟ್ಟ ಹತ್ತೋದನ್ನೇ ಕಲಿಸ್ತಿರೋ ಸಂಸ್ಥೆ ಅದು. ಪ್ರಾಥಮಿಕ ಪಾಠಕ್ಕೇ ನಾಲ್ಕು ವಾರದ ಹತ್ತಿರ ತಗೋತಾರೆ. ಹಗ್ಗ, ಕೊಡಲಿ, ಪಳಗಿದ ಗುರುಗಳು, ಎಲ್ಲಾ ಇದ್ದೂ ಬೆಟ್ಟ ಬಿಡಲಿಲ್ಲ. ಅಂಥಾ ಕಡೆ ನಾವು ನಾಲ್ಕು ದಿನದ ರಜೆ ಹಾಕಿ, ಬಾಡಿಗೆ ಜಾಕೀಟು ತೊಟ್ಟು, "ಬಿಗಿನರ್ಸ್‌ಗೆ ಈಸಿ" ಅನ್ನೋ ಮಾತು ನಂಬಿ ಹೊರಡ್ತೀವಿ.

ಈಗ ನಮ್ಮ ಹುಡುಗನ ಕಾರ್ಯಕ್ರಮಪಟ್ಟಿ ನೋಡಿ. ನಾನು ಹೋದದ್ದಾದ್ರೂ ನಡುವೆ ಒಂದು ರಾತ್ರಿ ಇತ್ತು. ಇವರದ್ದು ಹೊಸ ಮಾಲು, "ಎಕ್ಸ್‌ಪ್ರೆಸ್". ಸಂಜೆ ಸಾಂಕ್ರಿ ಮುಟ್ಟೋದು. ಮರುದಿನ ಒಂದೇ ದಮ್ಮಿಗೆ ಬೇಸ್ ಕ್ಯಾಂಪಿಗೆ. ಅದರ ಮರುದಿನ ನಸುಕಲ್ಲಿ ತುದಿ, ಸಂಜೆಯೊಳಗೆ ವಾಪಸ್ ಸಾಂಕ್ರಿ. ಒಂದು ದಿನದಲ್ಲಿ ಮಲಗುವ ಎತ್ತರ ಹೆಚ್ಚುಕಡಿಮೆ 1,500 ಮೀಟರ್ ಏರತ್ತೆ. ಎತ್ತರದ ವೈದ್ಯ ಬಲ್ಲವರು ಹೇಳೋದೇನು? 3,000 ಮೀಟರ್ ದಾಟಿದ ಮೇಲೆ ಮಲಗೋ ಜಾಗವನ್ನ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ, ಮೂರ್ನಾಲ್ಕು ದಿನಕ್ಕೊಮ್ಮೆ ಇದ್ದಲ್ಲೇ ಒಂದು ದಿನ ತಂಗಿ, ತಲೆನೋವಿನ ಜೊತೆ ವಾಂತಿ, ಸುಸ್ತು ಬಂದರೆ ಮೇಲೆ ಹೋಗಬೇಡಿ, ನಡಿಗೆ ತಪ್ಪಿದರೆ ಅಥವಾ ಕೂತಲ್ಲೇ ಏದುಸಿರು ಬಂದರೆ ಆ ರಾತ್ರಿಯೇ ಇಳೀರಿ. ಇದು ಗುಟ್ಟಿನ ವಿದ್ಯೆ ಅಲ್ಲ. ಮಾರೋರಿಗೆಲ್ಲಾ ಗೊತ್ತಿರೋದೇ. ಗೊತ್ತಿದ್ದೂ ಎಕ್ಸ್‌ಪ್ರೆಸ್ ಯಾಕೆ? ನಮ್ಮ ರಜೆ ಅಷ್ಟೇ ಇರೋದು ಅನ್ನೋದಕ್ಕೆ. ಅಂಗಡಿ ನಾಲ್ಕು ದಿನ ಮುಚ್ಚಬಹುದು, ಏಳು ದಿನ ಮುಚ್ಚೋ ಹಾಗಿಲ್ಲ. ಬೆಂಗಳೂರಿನ ಆಫೀಸಿನವನಿಗೂ ಅದೇ ಕಥೆ. ನಾವು ಚೌಕಾಸಿ ಮಾಡಿದ್ದು ರೂಪಾಯಿಗಲ್ಲ, ದಿನಕ್ಕೆ. ಅವರು ಕೊಟ್ಟರು. ತರಕಾರಿಯವನು ಕೊಸರು ಹಾಕಿದ ಹಾಗೆ ಅಲ್ಲ, ತೂಕದ ಕಲ್ಲನ್ನೇ ಕಮ್ಮಿ ಮಾಡಿ ಕೊಟ್ಟರು.

ನಾನು ಆ ಕಂಪನಿಗೆ ಫೋನ್ ಮಾಡಿದೆ. ಹುಡುಗನ ಚಿಕ್ಕಪ್ಪ ಅಂತಲೇ ಹೇಳಿದೆ. ಯಾರಿಗಾದರೂ ಹುಷಾರು ತಪ್ಪಿದರೆ ಕೆಳಗೆ ಕರ್ಕೊಂಡು ಬರೋಕೆ ಬೇರೆ ಆಳು ಇದಾನಾ ಅಂತ ಕೇಳಿದೆ. "ಎಕ್ಸ್‌ಪೀರಿಯನ್ಸ್ಡ್ ಟೀಮ್ ಇದೆ ಸರ್." ಎಷ್ಟು ಜನಕ್ಕೆ ಒಬ್ಬ? "ಮ್ಯಾನೇಜ್ ಮಾಡ್ತೀವಿ ಸರ್." ಆಮ್ಲಜನಕದ ಸಿಲಿಂಡರ್ ಬೇಸ್ ಕ್ಯಾಂಪಿನಲ್ಲಿರತ್ತೋ ಸಾಂಕ್ರಿಯಲ್ಲಿರತ್ತೋ? ಸ್ವಲ್ಪ ಹೊತ್ತು ಸದ್ದಿಲ್ಲ. "ಅವೈಲಬಲ್ ಇರತ್ತೆ ಸರ್." ಹವಾಮಾನ ಕೆಟ್ಟರೆ ಕಾಯೋಕೆ ಒಂದು ದಿನ ಇಟ್ಟಿದೀರಾ? ಅದಕ್ಕೆ ಮಾತ್ರ ನೇರ ಉತ್ತರ ಬಂತು: "ಎಕ್ಸ್‌ಪ್ರೆಸ್‌ನಲ್ಲಿ ಬಫರ್ ಡೇ ಬರಲ್ಲ ಸರ್." ಪುಣ್ಯಾತ್ಮ, ಸುಳ್ಳು ಹೇಳಲಿಲ್ಲ.

"ನೀವು ಸುಮ್ನೆ ಹೆದರಿಸ್ತೀರಿ. ಪ್ರತಿ ಚಳಿಗಾಲ ಸಾವಿರಾರು ಜನ ಹೋಗ್ತಾರೆ, ಕುಣಿಯುತ್ತಾ ವಾಪಸ್ ಬರ್ತಾರೆ" ಅಂತ ನನಗೆ ಹೇಳೋರಿದಾರೆ. ಹೌದು, ಬರ್ತಾರೆ. ಹೆಲ್ಮೆಟ್ಟಿಲ್ಲದೆ ಶಿರಾಳಕೊಪ್ಪಕ್ಕೆ ಹೋಗಿ ಬರೋರೂ ದಿನಾ ಸಾವಿರಾರು ಜನ ಇದಾರೆ. ಬಂದವರು ಬಂದರು ಅನ್ನೋದು ದಾರಿ ಸರಿಯಿದೆ ಅನ್ನೋದಕ್ಕೆ ಸಾಕ್ಷಿ ಅಲ್ಲ. ಇನ್ನು ಕೆಲವರು, "ಹಾಗಾದ್ರೆ ವಾರಗಟ್ಟಲೆ ರಜೆ ಹಾಕೋ ಶ್ರೀಮಂತರಿಗೆ ಮಾತ್ರ ಹಿಮಾಲಯವಾ?" ಅಂತ ಕೇಳ್ತಾರೆ. ಈ ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಇರೋ ಅರ್ಧ ಉತ್ತರ ಇಷ್ಟು: ನಾಲ್ಕೇ ದಿನ ಇದ್ದರೆ ನಾಲ್ಕು ದಿನಕ್ಕೆ ಆಗೋ ಎತ್ತರಕ್ಕೆ ಹೋಗಿ. ಸಾಂಕ್ರಿಯಿಂದ ಆ ಕೆರೆ ತನಕ ಹೋದರೂ ಚಳಿಗಾಲದಲ್ಲಿ ಮೊಣಕಾಲುದ್ದ ಹಿಮ ಸಿಗಬಹುದು. ಅಲ್ಲೇ ಎರಡು ರಾತ್ರಿ ಇರಿ. ಇಳಿಜಾರಿನಲ್ಲಿ ಹತ್ತಿ, ಇಳಿದು, ಬಿದ್ದು ಎದ್ದು ಕಲೀರಿ. ಹಿಮದ ಚೆಂಡು ಮಾಡಿ ಹೊಡೆದಾಡಿ. ಅದು ಯಾವ ಲೆಕ್ಕದಲ್ಲಿ ಕಮ್ಮಿ? ಕಮ್ಮಿ ಬೀಳೋದು ಫ್ಲೆಕ್ಸಿಗೆ ಮಾತ್ರ.

ಹುಡುಗನಿಗೆ ಇದನ್ನೆಲ್ಲಾ ಹೇಳಿದೆ. ಅವನ ಹಳೆಯ ಜಾಕೀಟು, ಹತ್ತಿ ಬನಿಯನ್ನು ಬೇಡ, ಬೆವರು ಕುಡಿದು ಮೈಗೇ ಅಂಟಿಕೊಂಡು ಚಳಿ ಹತ್ತಿಸತ್ತೆ ಅಂತ್ಲೂ ಹೇಳಿದೆ. ಅದನ್ನ ಕೂಡಲೆ ಒಪ್ಪಿದ. ದಿನದ ವಿಷಯ ಬಂದಾಗ ಮುಖ ಸಣ್ಣ ಮಾಡಿದ. ಎಲ್ಲರ ಟಿಕೇಟು ಬುಕ್ ಆಗಿದೆ, ಒಬ್ಬನ ತಂಗಿ ಮದುವೆ, ಇನ್ನೊಬ್ಬನ ಮಾಲೀಕ ರಜೆ ಕೊಡಲ್ಲ. ಮೂರು ದಿನ ಬಿಟ್ಟು ಫೋನ್ ಮಾಡಿದ. ನಾಲ್ಕು ಜನ ಎಕ್ಸ್‌ಪ್ರೆಸ್ ಬಿಟ್ಟು ಎರಡು ರಾತ್ರಿ ಹೆಚ್ಚಿರೋದಕ್ಕೆ ಬದಲಾಯಿಸಿದಾರಂತೆ, ತಲೆಗಿಷ್ಟು ಅಂತ ಹೆಚ್ಚಿಗೆ ಕಟ್ಟಿ. ಮೂರು ಜನ ಒಪ್ಪಿಲ್ಲ. ಅವರ ಜೊತೆ ಮಾತು ನಡೀತಿದೆ.

"ಈ ಭಾನುವಾರ ಮತ್ತೆ ಚಂದ್ರಗುತ್ತಿನಾ?" ಅಂದೆ.

"ಹೂಂ ಚಿಕ್ಕಪ್ಪ. 35ಕ್ಕೆ ಇಳಿಸ್ಬೇಕು ಅಂತ ಇದೀವಿ."

"ಗಡಿಯಾರ ಮನೇಲಿಟ್ಟು ಹೋಗ್ರಿ. ಕೋಟೆ ಬಾಗಿಲು ಇನ್ನು ಇಪ್ಪತ್ತು ಹೆಜ್ಜೆ ಇದೆ ಅನ್ನೋವಾಗ ನಿಮ್ಮಲ್ಲಿ ಒಬ್ಬ ‘ಸಾಕು’ ಅನ್ಬೇಕು. ಯಾರಾದ್ರೂ ಸರಿ, ಅವತ್ತು ಬೆಳಿಗ್ಗೆ ಚೀಟಿ ಎತ್ತಿ ಒಬ್ಬನಿಗೆ ಮಾತ್ರ ಗೊತ್ತಿರಲಿ. ಅವನು ಅಂದ ಕೂಡಲೆ ಏಳೂ ಜನ ಮಾತಾಡ್ದೆ ವಾಪಸ್ ತಿರುಗಬೇಕು."

ಆಚೆಯಿಂದ ನಗು. "ತುದಿಗೆ ಹೋಗ್ದೆ ಬಂದ್ರೆ ಅಮ್ಮನೋರು ಸಿಟ್ಟಾಗಲ್ವಾ?"

"ಅಮ್ಮನೋರ ಗುಡಿ ಕೆಳಗೇ ಇದೆಯಲ್ಲೋ. ಮೇಲಿರೋದು ಬರೀ ಕೋಟೆ."